ಕೀಳೋ ಮೊದಲು ನಾಲ್ಕು ದಿನ

(ಜುಲೈ ಕೊನೆಯ ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯವರು ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಬರುವಾಗ ದಾರಿಯಲ್ಲಿ ಇಬ್ಬರು "ಮಂಟಪ ಮುಳುಗಿತಾ?" ಅಂತ ಮಾತಾಡಿಕೊಳ್ಳುತ್ತಿದ್ದರು. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ನಡುವೆ ನಿಂತಿರುವ ಕಲ್ಲಿನ ಮಂಟಪ ನಿಮಗೆಲ್ಲ ಗೊತ್ತು. ಎಷ್ಟು ಮಿಲಿಮೀಟರ್ ಮಳೆ ಬಂತು ಅಂತ ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಮಂಟಪ ಮುಳುಗಿದರೆ ಮಳೆ ಜಾಸ್ತಿ, ಕಾಣುತ್ತಿದ್ದರೆ ಇನ್ನೂ ಬರಬೇಕು. ಅಷ್ಟೇ ಲೆಕ್ಕ. ನನ್ನ ಹಿತ್ತಲಿನಲ್ಲೂ ಅಂಥ ಕೆಲವು ಗುರುತುಗಳಿವೆ. ಇವತ್ತು ಅವುಗಳ ಬಗ್ಗೆ ಮಾತಾಡುತ್ತೇನೆ.

ಮೊದಲೇ ಒಂದು ಮಾತು. ನಾನು ಏಳು ಗಂಟೆಯ ಒಳಗೆ ಮನೆ ಸೇರಬೇಕು. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನಾನು ಕೃಷಿ ಓದಿದವಳಲ್ಲ. ಶಾಲೆಯಲ್ಲಿ ಗಣಿತ ಪಾಠ ಮಾಡಿದವಳು. ಮನೆಯ ಹಿಂದೆ 20 ಅಡಿ ಅಗಲ, 40 ಅಡಿ ಉದ್ದದ ಜಾಗ ಇದೆ. ಒಂದು ತೆಂಗು, ಒಂದು ನುಗ್ಗೆ, ಕರಿಬೇವು, ದಾಸವಾಳ, ಪಾರಿಜಾತ, ಬಸಳೆ ಚಪ್ಪರ, ಬಚ್ಚಲ ನೀರು ಹೋಗುವ ಕಡೆ ಕೆಸು. ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇಷ್ಟೇ ಇರುತ್ತದೆ, ಅಲ್ವಾ? ಅಪರೂಪದ ಗಿಡ ಒಂದೂ ಇಲ್ಲ.

ಶುರುವಾಗಿದ್ದು ಒಂದು ಕೆಟ್ಟ ವಾಸನೆಯಿಂದ. 2016ರ ಮೇ ತಿಂಗಳ ಮೊದಲ ವಾರ. ಭರಣಿ ಮಳೆ ಒಂದು ಹದ ಬಿದ್ದಿತ್ತು. ಸಂಜೆ ಬಚ್ಚಲಮನೆಯ ಹಿಂದೆ ಹೋದರೆ ಮೂಗು ಬಿಡಲು ಆಗುತ್ತಿಲ್ಲ. ಏನೋ ಸತ್ತಿದೆ. ಹೆಗ್ಗಣವೇ ಇರಬೇಕು ಅಂದುಕೊಂಡೆವು. ನಮ್ಮ ಮನೆಯವರು ಸೌದೆ ರಾಶಿ ಪೂರ್ತಿ ಎತ್ತಿ ಹಾಕಿದರು. ಚರಂಡಿಯ ಚಪ್ಪಡಿ ಸರಿಸಿದರು. ಏನೂ ಇಲ್ಲ. ಕೊನೆಗೆ ಟಾರ್ಚ್ ಹಿಡಿದು ಹುಡುಕುವಾಗ ತೆಂಗಿನ ಬುಡದಲ್ಲಿ ಕಾಣಿಸಿತು. ಕಂದು ಮಿಶ್ರಿತ ನೇರಳೆ ಬಣ್ಣ. ಸುತ್ತ ಸೀರೆಯ ನೆರಿಗೆಯಂಥ ಅಂಚು. ನಡುವೆ ಸುಕ್ಕುಸುಕ್ಕಾದ ಒಂದು ಗಡ್ಡೆ. ನೆಲದಿಂದ ಒಂದು ಗೇಣು ಕೂಡ ಎತ್ತರ ಇಲ್ಲ. ಎಲೆ ಇಲ್ಲ, ಕಾಂಡ ಇಲ್ಲ. ಯಾವುದೋ ವಿಷದ ಅಣಬೆ ಅಂತ ಗುದ್ದಲಿ ತಂದೆ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಆಗ ಇನ್ನೂ ಇದ್ದರು. ಹಿತ್ತಲ ಬಾಗಿಲಲ್ಲೇ ನಿಂತು, "ತಡಿಯೇ ಮಾರಾಯ್ತಿ, ಅದು ಸುವರ್ಣಗೆಡ್ಡೆ ಹೂವು. ನಾಲ್ಕು ದಿನ ಬಿಡು, ವಾಸನೆ ತಾನೇ ಹೋಗತ್ತೆ" ಅಂದರು. ಅವರು ನಾಲ್ಕು ದಿನ ಅಂದರು. ಎರಡನೇ ದಿನಕ್ಕೇ ವಾಸನೆ ಹೋಗಿತ್ತು.

ಸುವರ್ಣಗೆಡ್ಡೆ ಪಲ್ಯ, ಹುಳಿ ಎಷ್ಟು ವರ್ಷದಿಂದ ಮಾಡಿದ್ದೇನೆ! ಅದಕ್ಕೆ ಹೂವು ಅಂತ ಒಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಗೆಡ್ಡೆ ದೊಡ್ಡದಾದ ಮೇಲೇ ಹೂವು ಬರುವುದು. ನಾವು ಅಷ್ಟರೊಳಗೆ ಅಗೆದು ಅಡುಗೆ ಮಾಡಿಬಿಟ್ಟಿರುತ್ತೇವೆ. ನಮ್ಮ ತೆಂಗಿನ ಬುಡದ್ದು ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡಿತ್ತು.

ಆ ನಾತ ಇರುವುದು ನಮಗಾಗಿ ಅಲ್ಲ. ಕೊಳೆತದ್ದನ್ನು ಹುಡುಕಿ ಬರುವ ಜೀರುಂಡೆ, ನೊಣಗಳಿಗಾಗಿ. ವಾಸನೆ ದೂರ ಹೋಗಲಿ ಅಂತ ಹೂವು ತನ್ನನ್ನು ತಾನೇ ಸ್ವಲ್ಪ ಬಿಸಿ ಮಾಡಿಕೊಳ್ಳುತ್ತದೆ. ನಡುವಿನ ದಂಟಿನಲ್ಲಿ ಕೆಳಗಡೆ ಹೆಣ್ಣು ಹೂಗಳು, ಅದರ ಮೇಲೆ ಗಂಡು ಹೂಗಳು. ಮೊದಲು ತಯಾರಾಗುವುದು ಹೆಣ್ಣು. ಆಮೇಲೆ ಗಂಡು ಹೂಗಳು ಪುಡಿ ಉದುರಿಸುವ ಹೊತ್ತಿಗೆ ಹೆಣ್ಣಿನ ಸಮಯ ಮುಗಿದಿರುತ್ತದೆ. ಹಾಗಾಗಿ ಒಳಗೆ ಬಂದ ಜೀರುಂಡೆ ಮೈಗೆಲ್ಲ ಪುಡಿ ಅಂಟಿಸಿಕೊಂಡು ಬೇರೆ ಹೂವಿಗೇ ಹೋಗಬೇಕು. ಸುಮಾತ್ರಾ ಕಾಡಿನಲ್ಲಿ ಇದರ ನೆಂಟ ಒಂದಿದೆ, ಆಳಿಗಿಂತ ಎತ್ತರದ ಹೂವು. ಹೊರದೇಶದ ಸಸ್ಯೋದ್ಯಾನಗಳಲ್ಲಿ ಅದು ಅರಳಿದರೆ ಜನ ಸಾಲು ನಿಂತು ನೋಡುತ್ತಾರೆ. ನಮ್ಮಲ್ಲಿ ಅದರ ತಮ್ಮ ಬಚ್ಚಲ ಹಿಂದೆ ಅರಳುತ್ತಾನೆ.

ಹೂವು ಬಾಡಿತು. ಜೂನ್‌ನಲ್ಲಿ ಅದೇ ಜಾಗದಿಂದ ಛತ್ರಿ ಎದ್ದಿತು. ಚುಕ್ಕೆ ಚುಕ್ಕೆಯ ದಪ್ಪ ದಂಟು, ಮೇಲೆ ಹರಡಿದ ಹಸಿರು. ಅದನ್ನು ನಾವು ಗಿಡ ಅನ್ನುತ್ತೇವೆ, ಅಲ್ವಾ? ಅದು ಒಂದೇ ಒಂದು ಎಲೆ! ದಂಟು ಅಂದುಕೊಂಡಿದ್ದು ಆ ಎಲೆಯ ತೊಟ್ಟು. ಇದು ಗೊತ್ತಾದ ದಿನ ನಾನು ಹೋಗಿ ಆ ತೊಟ್ಟನ್ನು ಮುಟ್ಟಿ ಮುಟ್ಟಿ ನೋಡಿದ್ದೇನೆ. ಎಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ.

ಗುದ್ದಲಿ ಹಾಕಿದ್ದರೆ ಇದ್ಯಾವುದೂ ನನಗೆ ಸಿಗುತ್ತಿರಲಿಲ್ಲ. ಆವತ್ತೇ ರಾತ್ರಿ ಒಂದು ಹಳೆಯ ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಟ್ಟೆ. ಪಕ್ಕದಲ್ಲಿ "ಭರಣಿ" ಅಂತ ಸೇರಿಸಿದೆ. ಅಂದಿನಿಂದ ಬರೆಯುತ್ತಲೇ ಇದ್ದೇನೆ. ಜೊತೆಗೆ ಒಂದು ನೇಮ ಇಟ್ಟುಕೊಂಡೆ. ಗೊತ್ತಿಲ್ಲದ್ದು ಏನೇ ಕಂಡರೂ ಕೀಳುವ ಮೊದಲು ನಾಲ್ಕು ದಿನ ಬಿಡುವುದು.

ತಾರೀಕಿನ ಪಕ್ಕ ಮಳೆಯ ಹೆಸರು ಯಾಕೆ ಅಂತ ಕೆಲವರು ಕೇಳುತ್ತಾರೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಹಾಗಾಗಿ ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಕಿಗೆ ಬರುತ್ತದೆ. ರೋಹಿಣಿ ಮೇ 25ರ ಹೊತ್ತಿಗೆ, ಮೃಗಶಿರಾ ಜೂನ್ 8ರ ಹೊತ್ತಿಗೆ, ಆರಿದ್ರಾ ಜೂನ್ 22ರ ಹೊತ್ತಿಗೆ. ಈಗ ನಡೆಯುತ್ತಿರುವುದು ಪುಷ್ಯ. ತಿಂಗಳು ಅಂದರೆ ತುಂಬಾ ಉದ್ದ, ವಾರ ಅಂದರೆ ಚಿಕ್ಕದು. ಹಿತ್ತಲಿಗೆ ಈ ಅಳತೆ ಸರಿಯಾಗಿ ಕೂರುತ್ತದೆ. ರೋಹಿಣಿಯಲ್ಲಿ ಈಸಲು ಏಳುತ್ತವೆ, ರಾತ್ರಿ ಮಿಂಚುಹುಳ. ಮೃಗಶಿರಾ ಬಂದರೆ ಕೆಸು ಚಿಗುರಿ ನಿಲ್ಲುತ್ತದೆ. ಪುಷ್ಯದಲ್ಲಿ ಪತ್ರೊಡೆ. ಇದೆಲ್ಲ ನನ್ನ ನೋಟ್‌ಬುಕ್‌ನ ಗುರುತುಗಳು. ನಿಮ್ಮ ಹಿತ್ತಲಿನದು ಬೇರೆ ಇರಬಹುದು.

ಮಳೆ ತಪ್ಪಿದ ವರ್ಷಗಳೂ ಅದರಲ್ಲಿವೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುತ್ತಾರೆ. 2023ರ ಆಗಸ್ಟ್‌ನಲ್ಲಿ ಆ ಮಘೆ ಮಳೆ ಹೊತ್ತಿಗೆ ನಾನು ಬಕೆಟ್‌ನಲ್ಲಿ ನೀರು ಹೊತ್ತು ಹಾಕಿದ್ದೇನೆ. ಕೆಸುವಿನ ಎಲೆ ಅಂಗೈ ಅಗಲಕ್ಕಿಂತ ದೊಡ್ಡದಾಗಲೇ ಇಲ್ಲ.

ಈಗ ಕರಿಬೇವು. ಒಗ್ಗರಣೆಗೆ ಎಲೆ ಕಿತ್ತುಕೊಳ್ಳಲು ಹೋದರೆ ಎಲೆಯ ಅಂಚು ಕಚ್ಚಿ ತಿಂದಿರುತ್ತದೆ. ನಾನು ಮುಂಚೆ ಸೋಪಿನ ನೀರು, ಬೇವಿನ ಎಣ್ಣೆ ಎಲ್ಲ ಹೊಡೆಯುತ್ತಿದ್ದೆ. ಒಂದು ದಿನ ಪಕ್ಕದ ಮನೆ ಹುಡುಗಿ, ಆಗ ಆರನೇ ಕ್ಲಾಸು, ಗಿಡದ ಹತ್ತಿರ ಕೂತಿದ್ದವಳು, "ಅಜ್ಜಿ, ಇಲ್ಲಿ ಹಕ್ಕಿ ಹಿಕ್ಕೆ ನಡೀತಾ ಇದೆ!" ಅಂತ ಕೂಗಿದಳು. ಹೋಗಿ ನೋಡಿದೆ. ನಿಜ. ಕಂದು, ಬಿಳಿ ಬೆರೆತ ಹಿಕ್ಕೆ, ನಿಧಾನಕ್ಕೆ ನಡೆಯುತ್ತಿದೆ. ಕಾಮನ್ ಮಾರ್ಮನ್ ಅನ್ನುವ ಚಿಟ್ಟೆಯ ಮರಿ ಅದು. ಹಕ್ಕಿಗಳು ತಿನ್ನಬಾರದು ಅಂತ ಹಿಕ್ಕೆಯ ವೇಷ.

ನಾಲ್ಕು ದಿನದ ನೇಮ ಇತ್ತಲ್ಲ, ಬಿಟ್ಟೆವು. ಆ ಹುಡುಗಿ ದಿನಾ ಶಾಲೆಯಿಂದ ಬಂದು ನೋಡುತ್ತಿದ್ದಳು. ಪೊರೆ ಬಿಟ್ಟು ಬಿಟ್ಟು ದೊಡ್ಡದಾಯಿತು. ಕೊನೆಯ ಸಲ ಪೊರೆ ಬಿಟ್ಟಾಗ ಹಿಕ್ಕೆಯ ವೇಷ ಹೋಗಿ ಪೂರ್ತಿ ಹಸಿರು. ಬೆನ್ನಿನ ಉಬ್ಬಿನ ಮೇಲೆ ಎರಡು ದೊಡ್ಡ ಕಣ್ಣು. ಅವು ಕಣ್ಣೇ ಅಲ್ಲ, ಬರೀ ಗುರುತು. ನಿಜವಾದ ತಲೆ ಕೆಳಗೆ ಬಾಗಿಕೊಂಡು ಎಲೆ ತಿನ್ನುತ್ತಿರುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಎರಡು ಕೊಂಬು ಸರಕ್ಕನೆ ಹೊರಗೆ ಬರುತ್ತದೆ, ಹಾವಿನ ನಾಲಿಗೆಯ ಹಾಗೆ. ಜೊತೆಗೆ ಕೊಳೆತ ನಿಂಬೆಹಣ್ಣಿನಂಥ ಘಾಟು. ಒಂದು ಸಲ ಮುಟ್ಟಿ ನೋಡಿ ಸಾಕು. ಮತ್ತೆ ಮತ್ತೆ ಮುಟ್ಟಿ ಅದಕ್ಕೆ ತೊಂದರೆ ಕೊಡಬೇಡಿ.

ಆಮೇಲೆ ಅದು ತಿನ್ನುವುದನ್ನು ನಿಲ್ಲಿಸಿತು. ಒಂದು ಕಡ್ಡಿ ಹುಡುಕಿಕೊಂಡು, ಬಾಲದ ತುದಿ ಅಂಟಿಸಿ, ಸೊಂಟದ ಸುತ್ತ ಒಂದೇ ಎಳೆ ನೂಲು ಸುತ್ತಿಕೊಂಡಿತು. ವಿದ್ಯುತ್ ಕಂಬ ಹತ್ತಿದ ಲೈನ್‌ಮ್ಯಾನ್ ಸೊಂಟಕ್ಕೆ ಬೆಲ್ಟ್ ಹಾಕಿಕೊಂಡು ಹಿಂದಕ್ಕೆ ವಾಲಿ ನಿಲ್ಲುತ್ತಾನಲ್ಲ, ಹಾಗೇ. ಮಾರನೇ ದಿನ ನೋಡಿದರೆ ಹುಳ ಇಲ್ಲ, ಗೂಡು. ಹತ್ತನೇ ದಿನ ಗೂಡು ಕಪ್ಪಗಾಗಿ ಒಳಗಿನ ರೆಕ್ಕೆಯ ಬಿಳಿ ಚುಕ್ಕೆ ಹೊರಗೆ ಕಂಡಿತು. ಹನ್ನೊಂದನೇ ದಿನ ಬೆಳಗ್ಗೆ, ನಾನು ಕಾಫಿ ಲೋಟ ಹಿಡಿದು ನಿಂತಿದ್ದಾಗಲೇ ಬಿರಿಯಿತು. ಚಿಟ್ಟೆ ಹೊರಗೆ ಬಂದಾಗ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದುಡಿತ್ತು. ತಲೆ ಮೇಲಾಗಿ ಜೋತುಬಿದ್ದು ಮೆಲ್ಲ ಮೆಲ್ಲಗೆ ಬಿಚ್ಚಿಕೊಂಡಿತು. ಆ ಹುಡುಗಿ ಆವತ್ತು ಶಾಲೆಗೆ ತಡವಾಗಿ ಹೋದಳು. ತಡವಾಗಲಿ ಅಂತ ನಾನೇ ನಿಲ್ಲಿಸಿಕೊಂಡಿದ್ದೆ.

ಎಲ್ಲ ಸಲ ಹೀಗೇ ಆಗುವುದಿಲ್ಲ. ಇನ್ನೊಂದು ಗೂಡು ಹದಿನೈದು ದಿನ ಆದರೂ ಬಿರಿಯಲಿಲ್ಲ. ಕಂದು ಬಣ್ಣಕ್ಕೆ ತಿರುಗಿತು. ಒಂದು ದಿನ ಅದರಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ಅದರಿಂದ ಎಳ್ಳಿಗಿಂತ ಚಿಕ್ಕ ಕಣಜಗಳು ಒಂದರ ಹಿಂದೆ ಒಂದು ಬಂದವು. ಗೂಡಿನೊಳಗೆ ಮೊಟ್ಟೆ ಇಟ್ಟು, ಚಿಟ್ಟೆಯನ್ನೇ ತಿಂದು ಬೆಳೆಯುವ ಕಣಜ. ಹುಡುಗಿ ಅತ್ತಳು. ನನಗೂ ಸಂಕಟವಾಯಿತು. ಆದರೆ ಸೋಪಿನ ನೀರು ಹೊಡೆಯುವ ನನ್ನ ಕೆಲಸವನ್ನು ಈ ಕಣಜ ನನಗಿಂತ ಚೆನ್ನಾಗಿ ಮಾಡುತ್ತದೆ ಅನ್ನುವುದು ಆವತ್ತು ಅರ್ಥವಾಯಿತು. ಗಿಡ ಬೋಳಾಗದೆ ಇರುವುದು ಇವುಗಳಿಂದ. ಈಗ ನಾನು ಏನೂ ಹೊಡೆಯುವುದಿಲ್ಲ. ನಮಗೂ ಎಲೆ ಸಾಕಷ್ಟು ಸಿಗುತ್ತದೆ.

ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವಕ್ಕೆ ಇನ್ನೊಂದು ವೇಷವೂ ಇದೆ. ಈಶ್ವರ ಬಳ್ಳಿ ತಿಂದು ಬೆಳೆಯುವ ರೋಸ್ ಚಿಟ್ಟೆಗಳಿವೆ. ಬಳ್ಳಿಯ ವಿಷ ಅವುಗಳ ಮೈಯಲ್ಲಿ ಇರುವುದರಿಂದ ಹಕ್ಕಿ ಮುಟ್ಟುವುದಿಲ್ಲ. ಕರಿಬೇವಿನ ಚಿಟ್ಟೆಗೆ ವಿಷ ಇಲ್ಲ, ಆದರೆ ಹೆಣ್ಣು ನೋಡಲು ಥೇಟ್ ರೋಸ್ ಚಿಟ್ಟೆಯಂತೆ. ಅದಕ್ಕೇ ಕಾಂಪೌಂಡ್ ಪಕ್ಕ ಒಂದು ಈಶ್ವರ ಬಳ್ಳಿ ಹಬ್ಬಿಸಿದೆ. ರೋಸ್ ಚಿಟ್ಟೆ ಮರು ವರ್ಷವೇ ಬಂತು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಈ ಜಾತಿಯ ಬಳ್ಳಿಯಲ್ಲೇ ಮೊಟ್ಟೆ ಇಡುವುದು. ಕಪ್ಪು, ಹಳದಿ, ಅಂಗೈಗಿಂತ ಅಗಲ. ಅದು ಇನ್ನೂ ನಮ್ಮ ಮನೆಗೆ ಬಂದಿಲ್ಲ. ಕಾಯುತ್ತಿದ್ದೇನೆ.

ಬಳ್ಳಿ ಅಂದ ಮೇಲೆ ಸಿಹಿಗುಂಬಳದ ಮಾತು ಹೇಳಲೇಬೇಕು. ನೀವು ಹೆಚ್ಚು ಕೇಳುವ ಪ್ರಶ್ನೆ ಇದೇ. "ಹೂವು ಬೇಕಾದಷ್ಟು ಬಿಡತ್ತೆ, ಕಾಯಿ ಒಂದೂ ಇಲ್ಲ, ಬಳ್ಳಿ ಕಿತ್ತು ಹಾಕಿದೆ" ಅನ್ನುತ್ತೀರಿ. ದಯವಿಟ್ಟು ಕೀಳಬೇಡಿ. ಕುಂಬಳದಲ್ಲಿ ಮೊದಲು ಬರುವುದು ಬರೀ ಗಂಡು ಹೂವು. ಉದ್ದ ತೊಟ್ಟು, ಅಷ್ಟೇ. ಒಂದೆರಡು ವಾರ ಕಳೆದ ಮೇಲೆ ಹೆಣ್ಣು ಹೂವು ಬರುತ್ತದೆ. ಅದರ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಆಗಲೇ ಇರುತ್ತದೆ. ಜೋರು ಮಳೆಯ ದಿನ ಜೇನು ಬರುವುದಿಲ್ಲ. ಆಗ ಬೆಳಗ್ಗೆ ಬೇಗ ಎದ್ದು ಒಂದು ಗಂಡು ಹೂವು ಕಿತ್ತು, ದಳ ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ. ಬಿಸಿಲೇರುವ ಹೊತ್ತಿಗೆ ಹೂವು ಮುಚ್ಚಿಬಿಡುತ್ತದೆ, ಹಾಗಾಗಿ ತಿಂಡಿ ಆದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ.

ಎಲ್ಲ ಬಳ್ಳಿಯೂ ಒಂದೇ ಹೊತ್ತಿಗೆ ಅರಳುವುದಿಲ್ಲ. ಇದನ್ನು ಕಂಡುಕೊಂಡಾಗ ನನಗೆ ಆದ ಖುಷಿ ಹೇಳಲು ಸಾಲದು. ಕುಂಬಳ ಬೆಳಗಿನ ಜಾವ. ತುಪ್ಪದ ಹೀರೆ ಬೆಳಗ್ಗೆ. ಆದರೆ ಅದರ ಅಕ್ಕ, ಏಣಿರುವ ಹೀರೆ, ಅರಳುವುದು ಸಂಜೆ. ಸೋರೆ ಕೂಡ ಸಂಜೆ. ಪಡವಲ ಕತ್ತಲಾದ ಮೇಲೆ, ಬಿಳಿ ನೂಲಿನಂಥ ಅಂಚು ಬಿಚ್ಚಿಕೊಂಡು. ಹಗಲಿನವಕ್ಕೆ ಜೇನು, ರಾತ್ರಿಯವಕ್ಕೆ ಪತಂಗ. ಹಗಲು ಹೊತ್ತು ಸೋರೆ ಹೂವು ಬಾಡಿದ್ದು ನೋಡಿ ರೋಗ ಬಂತು ಅಂದುಕೊಳ್ಳುತ್ತಿದ್ದೆ. ಸಂಜೆ ಆರೂವರೆಗೆ ಹೋಗಿ ನೋಡಿ, ಚಪ್ಪರದ ಮೇಲೆ ಬೆಳ್ಳಗೆ ಅರಳಿ ನಿಂತಿರುತ್ತದೆ.

ಹಕ್ಕಿಯ ಒಂದು ಪುಟ ಓದುತ್ತೇನೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ದಾಸವಾಳ ಸವರುವುದು ನಮ್ಮ ರೂಢಿ. ಒಂದು ವರ್ಷ ಕತ್ತರಿ ಹಿಡಿದು ಕೊಂಬೆ ಬಗ್ಗಿಸಿದಾಗ ಎದೆ ಎತ್ತರದಲ್ಲಿ ಒಂದು ಬಟ್ಟಲು. ಪಿಕಳಾರದ ಗೂಡು. ಒಳಗೆ ಎರಡು ಮೊಟ್ಟೆ, ತಿಳಿ ಗುಲಾಬಿ ಮೇಲೆ ಕೆಂಪು ಚುಕ್ಕೆ. ಕತ್ತರಿ ಒಳಗಿಟ್ಟೆ. ಮಾರನೇ ದಿನ ಮೂರನೇ ಮೊಟ್ಟೆ. ಸುಮಾರು ಹನ್ನೆರಡು ದಿನಕ್ಕೆ ಮರಿ ಆಯಿತು. ಬರೀ ಬಾಯಿಯೇ ಮರಿಗಳು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ, ಹತ್ತಿರ ಹೋಗುತ್ತಿರಲಿಲ್ಲ. ಐದನೇ ದಿನ ಮಧ್ಯಾಹ್ನ ಗಲಾಟೆ ಕೇಳಿಸಿತು. ಓಡಿ ಬರುವಷ್ಟರಲ್ಲಿ ಕೆಂಬೂತ ದಾಸವಾಳದಿಂದ ಇಳಿದು ಬೇಲಿಯ ಕಡೆ ಹೋಯಿತು. ಆವತ್ತಿನ ಪುಟದಲ್ಲಿ ತಾರೀಕು ಇದೆ, ಪಕ್ಕದಲ್ಲಿ "ಖಾಲಿ" ಅಂತ ಇದೆ. ಬೇರೇನೂ ಬರೆಯಲು ಆಗಲಿಲ್ಲ. ಆ ವರ್ಷ ದಾಸವಾಳ ಸವರಲೇ ಇಲ್ಲ.

ಒಬ್ಬರು ಚೀಟಿಯಲ್ಲಿ ಪ್ರಶ್ನೆ ಕಳಿಸಿದ್ದಾರೆ. "ಎಲ್ಲವನ್ನೂ ಹೀಗೆ ಬಿಟ್ಟರೆ ಹಿತ್ತಲು ಕಾಡಾಗಲ್ವಾ?" ಒಳ್ಳೆಯ ಪ್ರಶ್ನೆ. ಎಲ್ಲವನ್ನೂ ಬಿಡಿ ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಬಿಡಿ. ಗೊತ್ತಿರುವ ಶತ್ರುವಿಗೆ ನಾಲ್ಕು ದಿನ ಬೇಡ, ನಾಲ್ಕು ಗಂಟೆಯೂ ಬೇಡ. ದೊಡ್ಡ ಆಫ್ರಿಕನ್ ಬಸವನಹುಳು ನೋಡಿದ್ದೀರಲ್ಲ? ಅದು ಇಲ್ಲಿಯದಲ್ಲ. 1847ರಲ್ಲಿ ಕಲ್ಕತ್ತಕ್ಕೆ ಒಬ್ಬರು ತಂದು ಬಿಟ್ಟರು, ಅಲ್ಲಿಂದ ಹಬ್ಬಿತು. ಒಂದೇ ರಾತ್ರಿಯಲ್ಲಿ ಬಸಳೆ ಚಪ್ಪರ ಬೋಳು ಮಾಡುತ್ತದೆ. ರಾತ್ರಿ ಊಟ ಆದ ಮೇಲೆ ಟಾರ್ಚ್, ಕೈಗವಸು, ಉಪ್ಪು ನೀರಿನ ಬಕೆಟ್ ಹಿಡಿದು ಹೊರಡುತ್ತೇವೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಅದರ ಮೈಯಲ್ಲಿ ಮನುಷ್ಯರಿಗೆ ರೋಗ ತರುವ ಹುಳ ಇರುತ್ತದೆ. ಚಗಳಿ ಇರುವೆ ಬೇರೆ. ಕಚ್ಚಿದರೆ ಉರಿಯುತ್ತದೆ, ನಿಜ. ಆದರೆ ಎಲೆ ಸೇರಿಸಿ ಹೊಲಿಯಲು ತಮ್ಮ ಮರಿಗಳನ್ನೇ ಬಾಯಲ್ಲಿ ಹಿಡಿದು, ಅವುಗಳಿಂದ ನೂಲು ತೆಗೆಸುವ ಜೀವ ಅದು. ಮರದ ಹುಳ ಎಲ್ಲ ಹಿಡಿದು ತಿನ್ನುತ್ತದೆ. ನಮ್ಮ ನುಗ್ಗೆಯಲ್ಲಿ ಒಂದು ಗೂಡು ಇದೆ, ನಾವು ಆ ಕಡೆಯ ಕೊಂಬೆಗೆ ಹೋಗುವುದಿಲ್ಲ.

ಗಂಟೆ ಆರೂಕಾಲು ಆಯಿತು. ಏಳಕ್ಕೆ ಯಾಕೆ ಹೋಗಬೇಕು ಅಂತ ಈಗ ಹೇಳುತ್ತೇನೆ.

ನಮ್ಮ ಅತ್ತೆ ಹೋಗುವ ಹಿಂದಿನ ವರ್ಷ ತವರಿನಿಂದ ಒಂದು ಬ್ರಹ್ಮಕಮಲದ ಎಲೆ ತಂದು ಕುಂಡದಲ್ಲಿ ಚುಚ್ಚಿದ್ದರು. ಎಲೆ ಅನ್ನುತ್ತೇವೆ, ನಿಜವಾಗಿ ಅದು ಚಪ್ಪಟೆಯಾದ ಕಾಂಡ, ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಬೇರೆ, ಅದು ಉತ್ತರಾಖಂಡದ ರಾಜ್ಯಪುಷ್ಪ. ನಮ್ಮ ಮನೆಗಳಲ್ಲಿ ಇರುವುದು ಮೆಕ್ಸಿಕೋ ಕಡೆಯಿಂದ ಬಂದದ್ದು. ಬಂದು ಎಷ್ಟೋ ಕಾಲ ಆಯಿತು, ಈಗ ನಮ್ಮದೇ. ಅರಳಿದರೆ ಆರತಿ ಎತ್ತುತ್ತೇವೆ, ಅಕ್ಕಪಕ್ಕದವರನ್ನು ಕರೆಯುತ್ತೇವೆ.

ಅತ್ತೆಯ ಕುಂಡ ಹೂವೇ ಬಿಟ್ಟಿರಲಿಲ್ಲ. ಕಾಂಡ ಉದ್ದುದ್ದ ಬೆಳೆದು ದಾರಿಗೆ ಅಡ್ಡ ಬಂತು. ಎರಡು ಸಲ ಎತ್ತಿ ಬಿಸಾಡಲು ಹೊರಟು, ಎರಡು ಸಲವೂ ಕೈ ಬರಲಿಲ್ಲ. ಈ ಜುಲೈ ಮೊದಲ ವಾರ, ಪುನರ್ವಸು ಮಳೆಯಲ್ಲಿ, ಕಾಂಡದ ಅಂಚಿನ ಕಚ್ಚಿನಲ್ಲಿ ಭತ್ತದ ಕಾಳಿನಷ್ಟು ಒಂದು ಮೊಗ್ಗು. ಮೂರು ವಾರ ಅದು ಕೆಳಗೆ ಜೋತುಬಿದ್ದು ಬೆಳೆಯಿತು. ನಿನ್ನೆಯಿಂದ ಕೊಕ್ಕರೆ ಕುತ್ತಿಗೆಯ ಹಾಗೆ ಬಾಗಿ ತಲೆ ಎತ್ತಿದೆ. ಇವತ್ತು ಮಧ್ಯಾಹ್ನ ನೋಡಿದಾಗ ತುದಿ ಉಬ್ಬಿತ್ತು. ಇವತ್ತೇ ರಾತ್ರಿ. ಬೆಳಗಾದರೆ ಮುಗಿಯಿತು. ಬರುವವರು ಬನ್ನಿ, ಛತ್ರಿ ತನ್ನಿ.

(ಹನ್ನೊಂದು ಜನ ಬಂದರು. ಆ ಹುಡುಗಿಯೂ ಬಂದಿದ್ದಳು, ಈಗ ಕಾಲೇಜು. ಎಂಟು ಗಂಟೆಗೆ ಹೊರಗಿನ ಎಸಳು ಬಿಚ್ಚಿತು. ಒಂಬತ್ತೂವರೆಗೆ ಪರಿಮಳ ಅಡುಗೆಮನೆ ತನಕ ಬಂತು. ಹನ್ನೊಂದರ ಹೊತ್ತಿಗೆ ಪೂರ್ತಿ ಅರಳಿತು, ಎರಡು ಅಂಗೈ ಸೇರಿಸಿದಷ್ಟು ಅಗಲ. ಒಳಗಿನ ಕೇಸರಗಳ ಮೇಲೆ ಮಳೆಹನಿ ಬೀಳಬಾರದು ಅಂತ ನಮ್ಮ ಮನೆಯವರು ಅಷ್ಟೂ ಹೊತ್ತು ಛತ್ರಿ ಹಿಡಿದು ನಿಂತಿದ್ದರು. ನೋಟ್‌ಬುಕ್‌ನಲ್ಲಿ ತಾರೀಕು ಬರೆದು, "ಪುಷ್ಯ" ಅಂತ ಬರೆದು, ಪಕ್ಕದಲ್ಲಿ ಅತ್ತೆಯ ಹೆಸರು ಬರೆದೆ.)